ಹನ್ನೆರಡನೆಯ ಕಲ್ಲು

ಅಮ್ಮತ್ತಿಯ ಅಕ್ಕಿ ಗಿರಣಿಯಲ್ಲಿ
ಇಂಜಿನ್ನಿನ ಮೈಗೆ ಅಂಗೈ ಊರಿ ನಿಲ್ಲುತ್ತಿದ್ದರು
ನೆಲ್ಲಿಯಂಡ ಮೊಣ್ಣಪ್ಪ.
ಎರಡು ಕಿವಿಯನ್ನೂ ಬಾಯ್ಲರಿಗೆ ಕೊಟ್ಟು ಬಂದವರು,
ಕೈಯಲ್ಲೇ ಕೇಳುತ್ತಿದ್ದರು.

ಊರಲ್ಲಿ ಮನೆಗೊಬ್ಬ ಹವಾಲ್ದಾರ, ಇಲ್ಲ ಸುಬೇದಾರ.
ಮದುವೆಗಳಲ್ಲಿ ಗ್ಲಾಸು ಎರಡನೇ ಸುತ್ತು ಬಂತೆಂದರೆ
ಬರ್ಮಾದ ಕಾಡು, ಕೆಸರು, ಜಿಗಣೆ.
"ನಿಂದು ಯಾವ ರೆಜಿಮೆಂಟು ಮೊಣ್ಣಪ್ಪ?"
ಗೊತ್ತಿದ್ದೇ ಕೇಳುವರು, ಕಿವಿಯ ಹತ್ತಿರ ಬಂದು.
"ನಂದು ನೀರು."
ಕೊಡವನಿಗೆ ಕಡಲೇ ಅಂತ ನಗು.
"ಮತ್ತೆ ಕಾವೇರಿ ಎಲ್ಲಿಗೆ ಹೋಗ್ತಾಳೆ?"

ನಾನು ಪೋಸ್ಟ್ ಮಾಸ್ತರರ ಮಗಳು, ಹೊರಗಿನವಳು.
ಭತ್ತದ ಚೀಲದ ಮೇಲೆ ಕೂತು ಕಲಿತೆ ಒಕ್ಕ ಅಂದರೇನೆಂದು:
ಹೆಸರಿಗಿಂತ ಮುಂಚೆ ಮನೆ.
ಹಡಗಿಗೂ ಹಾಗೇ ಅಂದರು. "ನಮ್ಮದು ಆರ್ ಒಕ್ಕ.
ಯುದ್ಧಕ್ಕೆಂದು ಇಂಗ್ಲಿಷರು ಅವಸರದಲ್ಲಿ ಹೆತ್ತ
ಎಂಟು ಡಿಸ್ಟ್ರಾಯರು:
ರಾದರ್‌ಹ್ಯಾಮ್, ರೇಸ್‌ಹಾರ್ಸ್, ರ‍್ಯಾಪಿಡ್, ರೇಡರ್,
ರಿಡೌಟ್, ರಿಲೆಂಟ್‌ಲೆಸ್, ರಾಕೆಟ್, ರೋಬಕ್.
ಪಕ್ಕದ ಕ್ಯೂ ಒಕ್ಕದಲ್ಲಿ ಎರಡು ತಳ ಸೇರಿದವು.
ನಮ್ಮವು ಎಂಟೂ ಉಳಿದವು."
ಅದರಲ್ಲಿ ಕೊಂಚ ಜಂಬ,
ತಾನು ಹತ್ತಿದ್ದು ಯುದ್ಧ ಮುಗಿದು ನಾಲ್ಕು ವರ್ಷಕ್ಕೆ
ಎಂಬುದು ಮರೆತೇಹೋದ ಹಾಗೆ.

ನಲವತ್ತೊಂಬತ್ತು. ರಿಡೌಟನ್ನು ತರಲು ಇವರು ಹೋದದ್ದು.
ಬಾಯ್ಲರ್ ಕೋಣೆ ಒಪ್ಪಿಸಲು ಬಂದವನು ಪಾಸ್ಕೋ,
ಕೆಂಪು ಹುಬ್ಬು, ಎಡಗೈಗೆ ಮೂರೇ ಬೆರಳು.
ಯುದ್ಧ ಹೇಳು ಅಂದರೆ
ತ್ರಿಂಕೋಮಲಿಯ ಸೆಕೆ ಹೇಳಿದ.
ಸರಕಿನ ಹಡಗುಗಳ ಸುತ್ತ
ಕುರಿನಾಯಿಯಂತೆ ತಿರುಗಿದ್ದು ಹೇಳಿದ,
ಮೂರು ವಾರ ಏನೂ ಇಲ್ಲ, ಆಮೇಲೆ ಒಂದು ನಿಮಿಷ.
ಅಕ್ಕನೋ ತಂಗಿಯೋ, ರಿಲೆಂಟ್‌ಲೆಸ್,
ಜರ್ಮನ್ನರ ಎಣ್ಣೆ ಹಡಗೊಂದನ್ನು ಮುಳುಗಿಸಿ
ತೇಲುತ್ತಿದ್ದವರನ್ನು ತಾನೇ ಎತ್ತಿಕೊಂಡಳಂತೆ.
"ನಾನು ಕೆಳಗಿದ್ದವನು. ಸಮುದ್ರ ನೋಡಿದ್ದೇ ಕಮ್ಮಿ.
ಪೂರ್ತಿ ವೇಗ ಅಂತ ಮುಳ್ಳು ತಿರುಗಿದರೆ ಅದೇ ಯುದ್ಧ."
ಆಮೇಲೆ ಮೆಲ್ಲಗೆ:
"ಎರಡನೇ ಬಾಯ್ಲರಿನ ವಾಲ್ವು ಮುನಿಸಿಕೊಳ್ಳುತ್ತೆ.
ಹೊಡೀಬೇಡ. ಕಾಯಿ."
ಮಗಳ ಸ್ವಭಾವ ಬೀಗರಿಗೆ ಹೇಳುವ ಹಾಗೆ.

ಒಂದು ಬಾವುಟ ಇಳಿಯಿತು, ಒಂದು ಏರಿತು.
ರಿಡೌಟ್ ಹೋಗಿ ರಂಜಿತ್.
ಮೊದಲಕ್ಷರವನ್ನು ಮಾತ್ರ
ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಕೊಡವರ ಮದುವೆಯಲ್ಲಿ
ಹೆಣ್ಣಿನ ಕಡೆಯ ಅರುವ ಗಂಡಿನ ಅರುವನ ಕೈಗೆ
ಹನ್ನೊಂದು ಕಲ್ಲು ಎಣಿಸಿ ಕೊಡುತ್ತಾನೆ.
ಹನ್ನೆರಡನೆಯದನ್ನು ಕೊಡುವುದಿಲ್ಲ.
ಅಲ್ಲಿ ಬಾಳು ಮುರಿದರೆ
ತವರಿನ ಬಾಗಿಲಿಗೆ ಅದೊಂದು ಅಗುಳಿ.

ನಾನು ಹೈಸ್ಕೂಲು ಮುಗಿಸಿದ್ದೆ,
ಬೊಂಬಾಯಿಯಿಂದ ಹಳೆಯ ಜೊತೆಗಾರನ ಕಾರ್ಡು:
ರಂಜಿತ್ ಗುಜರಿಗೆ.
ಕನ್ನಡಕ ತಂದಿರಲಿಲ್ಲ, ಅಪ್ಪನೇ ಓದಬೇಕಾಯಿತು.
ಕಿವಿ ಕೇಳದವರಿಗೆ ಸಾವನ್ನೂ ಕೂಗಿ ಹೇಳಬೇಕು.
ಇಡೀ ಸಂತೆ ತಿರುಗಿ ನೋಡಿತು.

ಅವತ್ತು ಭತ್ತವಿಲ್ಲದೆ
ಒಂದು ಗಂಟೆ ಗಿರಣಿ ಓಡಿಸಿದರು.
ಬೆಲ್ಟು ಬರಿದೇ ಸುತ್ತಿತು, ಗೋಡೆಯ ತೌಡು ಉದುರಿತು.
ಡೀಸೆಲ್ಲಿನ ಲೆಕ್ಕ ಯಾರು ಕೊಡುವುದು
ಅಂತ ಪಾಲುದಾರ ಮಮ್ಮದೆ ಬಾಗಿಲವರೆಗೆ ಬಂದು
ಹಾಗೇ ಹೋದ.

ಮರುದಿನ ಅಂಚೆ ಕಚೇರಿ. ಇಂಗ್ಲೆಂಡಿನ ವಿಳಾಸ.
ಲಕೋಟೆಯೊಳಗೆ ಹುಣಸೆ ಬೀಜದಷ್ಟು ದಪ್ಪ ಏನೋ.
"ಏನಿದು?" ಅಪ್ಪ ಚೀಟಿಯಲ್ಲಿ ಬರೆದು ತೋರಿಸಿದರು.
"ಕಲ್ಲು. ಅಕ್ಕಿ ಜರಡಿಯಲ್ಲಿ ಸಿಕ್ಕಿದ್ದು.
ಹೆಣ್ಣಿನ ಕಡೆಯವರದ್ದು, ಮಾಸ್ತರೇ.
ಪಾಪ ಅವನಿಗೆ ಪದ್ಧತಿ ಗೊತ್ತಿರಲಿಲ್ಲ,
ಅವತ್ತು ಹನ್ನೆರಡೂ ಕೊಟ್ಟುಬಿಟ್ಟ."

ಅಪ್ಪ ತೂಗಿದರು. ಅಂಚೆಚೀಟಿ ಹಚ್ಚಿದರು.
ಹಸಿರು ಕಸ್ಟಮ್ಸ್ ಕಾಗದದಲ್ಲಿ
ವಸ್ತುವಿನ ಬೆಲೆ ಅಂತ ಒಂದು ಖಾನೆ.
ಪೆನ್ನು ಹಿಡಿದು ಕೂತೇ ಇದ್ದರು,
ಹಿಂದೆ ಸಾಲು ಬೆಳೆಯುತ್ತಿತ್ತು.